ಅಟ್ಟದ ಕೆಳಗೆ

೧೨ ಜನವರಿ ೨೦೨೫, ಭಾನುವಾರ

ಇವತ್ತು ಇವರಿಗೆ ಕೂತಲ್ಲಿಂದ ಏಳಲಾಗಲಿಲ್ಲ.

ಅಂಗಳದಲ್ಲಿ ಕೊಬ್ಬರಿ ಕೆಲಸ ನಡೆದಿತ್ತು. ಹಾಲಮ್ಮ ಮತ್ತು ಇನ್ನಿಬ್ಬರು ಹೆಂಗಸರು ಚಿಪ್ಪು ಬಿಡಿಸಿ ಉಂಡೆಗಳನ್ನು ರಾಶಿಗೆ ಹಾಕುತ್ತಿದ್ದರು. ಇವರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿ, ಒಡಕಿದ್ದುದನ್ನು ಪಕ್ಕಕ್ಕೆ ಹಾಕುತ್ತಿದ್ದರು. ಕೆಲಸ ಮುಗಿಯಿತು, ಏಳಲು ನೋಡಿದರು. ನೆಲಕ್ಕೆ ಕೈಯೂರಿದರು, ಮೊಣಕಾಲು ಹಿಡಿದರು, ಮುಂದಕ್ಕೆ ಬಾಗಿದರು. ಮೈ ಮೇಲೇಳಲಿಲ್ಲ.

"ಸಾವ್ಕಾರ್ರು ಹಬ್ಬಕ್ಕೆ ಮುಂಚೇನೇ ರಾಶಿ ಪೂಜೆಗೆ ಕೂತವ್ರೆ" ಎಂದಳು ಹಾಲಮ್ಮ. ಎಲ್ಲರೂ ನಕ್ಕರು. ಇವರೂ ನಕ್ಕರು. ಆಮೇಲೆ ಹಾಲಮ್ಮನೇ ಕೈ ಚಾಚಿದಳು, ಅವಳ ಕೈ ಹಿಡಿದು ಎದ್ದರು.

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ಇದ್ದೆ. ನನ್ನನ್ನು ನೋಡಿದ್ದರು. ಕರೆಯಬಹುದಿತ್ತು.

ಮೈದುನ ತೋಂಟದಾರ್ಯ, "ವಾತ ಅತ್ತಿಗೆ, ಚಳೀಗೆ ಹಂಗೇ. ಎಣ್ಣೆ ಹಾಕಿ ನೀವಿಸಿದ್ರೆ ಸರಿ ಹೋಯ್ತದೆ" ಎಂದ. ಹೇಳುವ ಬಾಯಿಯೂ ಮಧ್ಯಾಹ್ನಕ್ಕೇ ನಾರುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಕುಡಿಯುವುದು ತೆಂಗಿನಕಾಯಿ ಕೂಡಿಡುವ ಅಟ್ಟದ ಮೇಲೆ, ಒಂದೇ ಬಾಟಲಿಯಿಂದ. ತಮ್ಮ ಇಳಿದು ಬಂದ ಮೇಲೂ ಇವರು ಅಲ್ಲೇ ಉಳಿಯುತ್ತಾರೆ. ಇಪ್ಪತ್ತು ವರ್ಷದಿಂದ ಸಂಜೆಯ ಹೊತ್ತು ನನಗೆ ಗಂಡನೆಂದರೆ ತಲೆಯ ಮೇಲೆ ಕೇಳುವ ಹೆಜ್ಜೆಯ ಸದ್ದು. ಈಚೆಗೆ ಆ ಸದ್ದೂ ಕಡಿಮೆ.

೧೬ ಜನವರಿ, ಗುರುವಾರ

ಸಂಕ್ರಾಂತಿಯ ದಿನ ಇಬ್ಬರೂ ಕಂಠಪೂರ್ತಿ ಕುಡಿದರು. ನಿನ್ನೆ ಇವರ ತೊಡೆಗಳು ಊದಿ, ಮುಟ್ಟಿದರೆ ಕೂಗುವಂತಾಯಿತು. ತೋಂಟದಾರ್ಯ ನೀವುವವನನ್ನು ಕರೆತಂದ. ಅವನು ಹಿಟ್ಟು ನಾದುವ ಹಾಗೆ ನಾದಿ ಹೋದ. ಬೆಳಿಗ್ಗೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು.

ತಿಪಟೂರಿನ ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಡ್ರಿಪ್ ಹಾಕಿದ್ದಾರೆ.

೧೯ ಜನವರಿ, ಭಾನುವಾರ

ಡಾಕ್ಟರ್ ಶ್ರೀರಂಗಯ್ಯನವರು ಹಾಸಿಗೆಯ ಅಂಚಿಗೆ ಕೂತು ಮಾತಾಡಿದರು.

"ಹೋದ ವರ್ಷ ಸ್ಕ್ಯಾನ್ ಮಾಡ್ಸಿದ್ದೆ ಸಾರ್. ಲಿವರ್ ಚೆನ್ನಾಗೈತೆ ಅಂದಿದ್ರು" ಎಂದರು ಇವರು, ಹೆಮ್ಮೆಯಿಂದಲೇ.

"ಮೈಯಲ್ಲಿ ಲಿವರ್ ಒಂದೇ ಇರೋದಾ? ಎಲ್ಲರೂ ಅದೊಂದನ್ನೇ ಕಾಯ್ತಾ ಕೂತಿರ್ತೀರಿ. ಕುಡಿತ ನಿಮ್ಮ ತೊಡೆ ತಿಂದಿದೆ, ಭುಜ ತಿಂದಿದೆ. ಎರಡು ವರ್ಷದಿಂದ ನಿಧಾನಕ್ಕೆ ತಿಂತಾ ಇತ್ತು. ಹಬ್ಬದ ದಿನ ಒಂದೇ ಸಲಕ್ಕೆ ಬಾಯಿ ಹಾಕ್ತು. ಸ್ನಾಯು ಒಡೆದು ಅದರ ಬಣ್ಣ ಮೂತ್ರದಲ್ಲಿ ಬಂದಿದೆ. ಅದರ ಮೇಲೆ ನೀವಿಸ್ಕೊಂಡು ಬೇರೆ ಬಂದಿದ್ದೀರಿ. ಕಿಡ್ನಿ ಉಳಿದದ್ದು ನಿಮ್ಮ ಪುಣ್ಯ."

ಪೂರ್ತಿ ಬಿಟ್ಟರೆ, ಸರಿಯಾಗಿ ಉಂಡು ವ್ಯಾಯಾಮ ಮಾಡಿದರೆ, ಕೆಲವು ತಿಂಗಳಲ್ಲಿ ಶಕ್ತಿ ಮರಳಿ ಬರುತ್ತದಂತೆ. ಮತ್ತೆ ಕುಡಿದರೆ ಗಾಲಿ ಕುರ್ಚಿಯೇ.

ತೋಂಟದಾರ್ಯ ಬಾಗಿಲ ಹತ್ತಿರದಿಂದ, "ನನ್ ಕಾಲು ಚೆನ್ನಾಗವೆ ಸಾರ್" ಎಂದ.

"ನಿಮ್ಮ ಸರದಿಗೆ ಕಾಯ್ತಾ ಇದ್ದೀರಾ?" ಎಂದರು ಡಾಕ್ಟರ್. ಅವನ ಮುಖ ಬಿಳುಚಿಕೊಂಡಿತು. ಆದರೂ ಅವನು ಆಸ್ಪತ್ರೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಅದೇ ಬಾಟಲಿ, ಅದೇ ಅಟ್ಟ.

ಮೊದಲೆರಡು ದಿನ ಇವರ ಕೈ ವಿಪರೀತ ನಡುಗುತ್ತಿತ್ತು, ಅದಕ್ಕೂ ಔಷಧಿ ಕೊಟ್ಟರು. ಆಗ ನನ್ನ ಕೈ ಹಿಡಿದುಕೊಂಡೇ ಇದ್ದರು. ಬಿಡಿಸಿಕೊಂಡು ನೀರು ತರಲು ಹೋದರೆ, "ಎಲ್ಲಿಗೋದೆ ಮಂಗಳಾ?" ಎನ್ನುತ್ತಿದ್ದರು.

೨ ಫೆಬ್ರವರಿ, ಭಾನುವಾರ

ಆಸ್ಪತ್ರೆಯಿಂದ ಹೊನ್ನವಳ್ಳಿಯ ಮನೆಗೆ ಬಂದು ವಾರವಾಯಿತು. ಕಾಲೇಜಿಗೆ ರಜೆ ಹಾಕಿದ್ದೇನೆ. ನಡುಮನೆಯ ಕಿಟಕಿ ಪಕ್ಕ ಮಂಚ ಹಾಕಿದ್ದೇನೆ. ಮಧ್ಯಾಹ್ನ ಕವಿತೆ ಓದುತ್ತೇನೆ, ಇವರು ಕೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಓದಲು ಹೋಗಿದ್ದೆ. "ನಿನ್ ಪಾಠ ಕಾಲೇಜಲ್ಲಿ ಮಾಡು" ಎಂದಿದ್ದರು. ಇವತ್ತು ಒಂದು ಕವಿತೆ ಮುಗಿಸಿದಾಗ, "ಇನ್ನೊಂದ್ಸಲ ಓದು" ಎಂದರು.

ಎಬ್ಬಿಸುವಾಗ ಎರಡೂ ಕಂಕುಳಲ್ಲಿ ಕೈ ಕೊಟ್ಟು ನನ್ನ ಮೈಮೇಲೆ ಹೊರಿಸಿಕೊಳ್ಳುತ್ತೇನೆ. ಉಸಿರಿನಲ್ಲಿ ಬರೀ ಹಾಲಿನ ವಾಸನೆ. ತೊಡೆಗಳು ಎಷ್ಟು ಸಣ್ಣಗಾಗಿವೆ ಎಂದರೆ ಪಂಚೆ ಜೋತಾಡುತ್ತದೆ. ಮಕ್ಕಳಿಲ್ಲದ ಮನೆಯಲ್ಲಿ ಇಷ್ಟು ದಿನ ಯಾರನ್ನೂ ನಾನು ಹೀಗೆ ಎತ್ತಿರಲಿಲ್ಲ.

ಅಕ್ಕಪಕ್ಕದವರು ಬಂದು ನನ್ನ ಕಷ್ಟ ನೋಡಿ ಮರುಗಿ ಹೋಗುತ್ತಾರೆ. ನಾನೂ ತಲೆಯಾಡಿಸುತ್ತೇನೆ.

೧೦ ಫೆಬ್ರವರಿ, ಸೋಮವಾರ

ಡಾಕ್ಟರ್ ಹೇಳಿದ್ದ ಫಿಸಿಯೋಥೆರಪಿಯವರು ಬಂದರು. ನೋಡಿದರೆ ಹಾಲಮ್ಮನ ಮಗಳು ಮೋನಿಕಾ! ತಿಪಟೂರಿನ ಒಂದು ಕ್ಲಿನಿಕ್‌ನಲ್ಲಿ ಕೆಲಸಕ್ಕಿದ್ದಾಳೆ, ಸಂಜೆ ಊರಿಗೆ ಮರಳುವಾಗ ಇಲ್ಲಿಗೆ ಬರುತ್ತಾಳಂತೆ. ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿನಿ. ಕನ್ನಡ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದಳು.

ಸ್ಕೂಟರ್ ನಿಲ್ಲಿಸಿ ನೇರ ನಡುಮನೆಗೆ ಬಂದಳು. ಅವಳ ಅಮ್ಮ ಇವತ್ತಿಗೂ ಹೊಸ್ತಿಲು ದಾಟುವುದಿಲ್ಲ. ಇದನ್ನು ಬರೆದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಗಮನಿಸಿದ್ದು ನಿಜ.

ನನ್ನನ್ನು "ಮೇಡಂ" ಎಂದಳು. ಇವರನ್ನು "ಅಂಕಲ್".

"ಅಂಕಲ್, ಎದ್ದು ನಿಂತ್ಕೊಳಿ."

"ಆಗಲ್ಲ ಕಣವ್ವ."

"ಆಗಲ್ಲ ಅಂತ ನಂಗೂ ಗೊತ್ತು. ಎಷ್ಟು ಆಗಲ್ಲ ಅಂತ ನೋಡ್ಬೇಕು."

ಇವರು ಗಟ್ಟಿಯಾಗಿ ನಕ್ಕರು. ಆ ನಗು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

೨೪ ಫೆಬ್ರವರಿ, ಸೋಮವಾರ

ಮೋನಿಕಾ ಬರುವ ಹೊತ್ತಿಗೆ ಇವರು ತಲೆ ಬಾಚಿಕೊಂಡಿರುತ್ತಾರೆ.

ಕುರ್ಚಿಯಿಂದ ಏಳುವುದು, ಕೂರುವುದು. ಮಂಡಿಗಳ ನಡುವೆ ಕಾಯಿ ಇಟ್ಟು ಅದುಮುವುದು. ಎರಡೂ ಕೈಯಲ್ಲಿ ಒಂದೊಂದು ಕಾಯಿ ಹಿಡಿದು ಭುಜದ ಮಟ್ಟಕ್ಕೆ ಎತ್ತುವುದು. "ನಿಮ್ಮನೇಲಿ ಜಿಮ್ಮು ಅಂಗಳದಲ್ಲೇ ಬಿದ್ದೈತೆ ಅಂಕಲ್" ಎನ್ನುತ್ತಾಳೆ. ಇವರು ಬೆವರುತ್ತಾರೆ, ಬಯ್ಯುತ್ತಾರೆ, ಮಾಡುತ್ತಾರೆ. ಇಪ್ಪತ್ತು ವರ್ಷ ನಾನು ಅತ್ತೆ, ಮುನಿದೆ, ಉಪವಾಸ ಬಿದ್ದೆ. ಒಂದು ಸಂಜೆಯಾದರೂ ಅಟ್ಟದಿಂದ ಬೇಗ ಇಳಿಯಲಿಲ್ಲ. ಇವಳು "ಇನ್ನೊಂದು" ಎಂದರೆ ಸಾಕು.

ಇವತ್ತು ಟೀ ತರುವಾಗ ಬಾಗಿಲ ಆಚೆಯಿಂದ ಕೇಳಿಸಿತು.

"ಎರಡು ವರ್ಷದಿಂದ ಅಟ್ಟದಿಂದ ಇಳಿಯಕ್ಕೆ ಭಯ ಆಗೋದು ಕಣವ್ವ. ಹತ್ತೋವಾಗ ಕೈಯಲ್ಲಿ ಎಳ್ಕೊಂಡು ಹತ್ತಿಬುಡ್ತಿದ್ದೆ. ಇಳಿಯೋವಾಗ ತೊಡೆ ನಡುಗೋದು. ಯಾರಿಗೂ ಕಾಣಬಾರ್ದು ಅಂತ ಕತ್ಲಾಗೋಗಂಟ ಅಲ್ಲೇ ಕೂರ್ತಿದ್ದೆ. ಸುಮ್ನೆ ಕೂರಕ್ಕಾಗ್ದೆ ಇನ್ನಷ್ಟು ಕುಡೀತಿದ್ದೆ."

"ಮೇಡಂಗೆ ಹೇಳಿಲ್ವಾ?"

"ಅವಳಿಗೆ ಏನಂತ ಹೇಳ್ಲಿ?"

ಟೀ ಆರುವವರೆಗೂ ಅಲ್ಲೇ ನಿಂತಿದ್ದೆ. ಎರಡು ವರ್ಷ ನಾನು ಇದೇ ಅಟ್ಟದ ಕೆಳಗೆ, ಇವರು ಬೇಕೆಂದೇ ಇಳಿಯುತ್ತಿಲ್ಲ ಎಂದುಕೊಂಡು ಅನ್ನ ಆರುವುದನ್ನು ನೋಡುತ್ತ ಕೂತಿದ್ದೆ. ಆ ಮಾತು ನನ್ನದಾಗಬೇಕಿತ್ತು. ಎರಡು ವಾರದ ಹಿಂದೆ ಬಂದವಳ ಮಡಿಲಿಗೆ ಬಿತ್ತು.

೯ ಮಾರ್ಚ್, ಭಾನುವಾರ

"ಮೇಡಂ, ಅಂಕಲ್ ಏಳೋವಾಗ ನೀವು ಕೈ ಹಾಕ್ಬೇಡಿ. ಎಷ್ಟೇ ಹೊತ್ತಾದ್ರೂ ಅವ್ರೇ ಏಳ್ಬೇಕು" ಎಂದು ಹೇಳಿ ಹೋದಳು.

ಸ್ಕೂಟರಿನ ಸದ್ದು ದೂರವಾದ ಮೇಲೆ ಇವರನ್ನು ನಾನೇ ಎಬ್ಬಿಸಿ ಬಚ್ಚಲಿಗೆ ಕರೆದೊಯ್ದೆ. ಸುಸ್ತಾಗಿದ್ದರು, ಪಾಪ.

೨೩ ಮಾರ್ಚ್, ಭಾನುವಾರ

ಕೈಯೂರಿ ಎದ್ದು ನಿಲ್ಲುತ್ತಾರೆ. ಅಂಗಳದವರೆಗೂ ನಡೆಯುತ್ತಾರೆ. ಇವತ್ತು ಏಣಿಯ ಹತ್ತಿರ ಹೋಗಿ ಅಟ್ಟದ ಕಡೆ ಕತ್ತೆತ್ತಿ ನೋಡುತ್ತಿದ್ದರು. ಮೇಲಿರುವ ಕಾಯಿ ಶ್ರಾವಣದ ಹೊತ್ತಿಗೆ ಕೊಬ್ಬರಿಯಾಗುತ್ತದೆ. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಉಂಡೆ ಗಡಗಡ ಎನ್ನಬೇಕು. ಹಾಗೆ ಅಲ್ಲಾಡಿಸಿ ನೋಡಿ ಕೆಳಗಿಳಿಸುವುದು ಈ ಮನೆಯಲ್ಲಿ ಇವರೇ, ಇವರಿಗೆ ಮುಂಚೆ ಮಾವನವರು.

"ಈ ಸಲದ ಕಾಯಿ ನಾನೇ ಇಳಿಸ್ತೀನಿ. ಮೋನಿಕಾಗೆ ಮಾತು ಕೊಟ್ಟಿದೀನಿ" ಎಂದರು.

ಮದುವೆಯ ಮಂಟಪದಲ್ಲಿ ನನಗೂ ಏನೋ ಮಾತು ಕೊಟ್ಟಿದ್ದರು.

ಮತ್ತೆ ಆ ಅಟ್ಟ. ಮತ್ತೆ ನಾನು ಕೆಳಗೆ.

೮ ಏಪ್ರಿಲ್, ಮಂಗಳವಾರ

ಅಟ್ಟ ಖಾಲಿ ಮಾಡಿಸಿದೆ.

ಇವರು ತಮ್ಮನ ಜೊತೆ ರಕ್ತ ಪರೀಕ್ಷೆಗೆಂದು ತಿಪಟೂರಿಗೆ ಹೋಗಿದ್ದರು. ಬೆಳಿಗ್ಗೆಯೇ ಕಾಯಿ ವ್ಯಾಪಾರಿಯನ್ನು ಕರೆಸಿದೆ. ಈ ವರ್ಷ ಕಾಯಿಗೇ ಒಳ್ಳೆಯ ಬೆಲೆ ಇದೆ, ಕೊಬ್ಬರಿಯಾಗುವವರೆಗೂ ಯಾಕೆ ಕಾಯಬೇಕು? ಲಾರಿಗೆ ತುಂಬುವಾಗ ಕಾಯಿಗಳೊಳಗೆ ನೀರು ಇನ್ನೂ ಗುಳುಗುಳು ಎನ್ನುತ್ತಿತ್ತು. ಅಟ್ಟಕ್ಕೆ ಏರಿದ ಕಾಯಿಯನ್ನು ನಡುವೆ ಇಳಿಸುವವರು ಈ ಸೀಮೆಯಲ್ಲಿಲ್ಲ. ಅದು ನನಗೂ ಗೊತ್ತು.

"ಸಾವ್ಕಾರ್ರು ಹೇಳಿದ್ರಾ ಅಮ್ಮಾರೆ?" ಎಂದು ಹಾಲಮ್ಮ ಎರಡು ಸಲ ಕೇಳಿದಳು.

"ನಾನು ಹೇಳ್ತಾ ಇದ್ದೀನಲ್ಲ" ಎಂದೆ.

ಕಾಯಿಯ ಹಿಂದಿನಿಂದ ಖಾಲಿ ಬಾಟಲಿಗಳು ಮಂಕರಿಗಟ್ಟಲೆ ಬಂದವು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಮಾಡಿದ್ದು ಸರಿ ಎನ್ನುವುದಕ್ಕೆ ಇದಕ್ಕಿಂತ ಏನು ಬೇಕು? ಅಟ್ಟ ಹತ್ತಿದರೆ ಕುಡಿತ ನೆನಪಾಗುತ್ತದೆ. ಹತ್ತುವ ಕಾರಣವೇ ಇಲ್ಲದಿದ್ದರೆ ಒಳ್ಳೆಯದಲ್ಲವೇ?

೯ ಏಪ್ರಿಲ್, ಬುಧವಾರ

ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ನಿನ್ನೆ ಕಾರಿನಿಂದ ಇಳಿದು ಅಂಗಳದಲ್ಲಿ ಬಿದ್ದಿದ್ದ ಸಿಪ್ಪೆಯ ಧೂಳು ನೋಡಿದರು, ಮೇಲೆ ನೋಡಿದರು.

"ನೀರಿತ್ತಾ?"

"ಇತ್ತು."

"ಕಾಯಕ್ಕಾಗ್ಲಿಲ್ವೇನೇ?"

"ನಿಮ್ಮ ಒಳ್ಳೇದಕ್ಕೇ ಮಾಡ್ದೆ ಕಣ್ರೀ."

ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ರಕ್ತದ ವರದಿ ಚೆನ್ನಾಗಿ ಬಂದಿದೆ ಎಂದು ತೋಂಟದಾರ್ಯ ಹೇಳಿದ. ದಾರಿಯುದ್ದಕ್ಕೂ ಅಣ್ಣ ಅಟ್ಟದ ಮಾತೇ ಆಡುತ್ತಿದ್ದರಂತೆ.

೨೦ ಏಪ್ರಿಲ್, ಭಾನುವಾರ

ಮೋನಿಕಾ ಬಂದರೆ "ಇವತ್ತು ಬ್ಯಾಡ ಬುಡವ್ವ" ಎನ್ನುತ್ತಾರೆ. ಕಾಲೇಜಿಗೆ ರಜೆ ಇದೆ. ಮನೆ ಶಾಂತವಾಗಿದೆ. ಮಧ್ಯಾಹ್ನ ಓದುತ್ತೇನೆ. ಕೇಳುತ್ತಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಆದರೆ ಇಲ್ಲೇ ಇದ್ದಾರೆ.

೨೯ ಏಪ್ರಿಲ್, ಮಂಗಳವಾರ

ತೋಂಟದಾರ್ಯ ಹಿತ್ತಲಿಗೆ ಕರೆದು ಹೇಳಿದ: "ಅಣ್ಣ ಒಂದ್ ಕ್ವಾರ್ಟರ್ ತಂದ್ಕೊಡೋ ಅಂದ್ರು ಅತ್ತಿಗೆ. ನಾನ್ ತರ್ಲಿಲ್ಲ. ನಾನೇ ಬಿಟ್ಟಿವ್ನಿ, ಡಾಕ್ಟ್ರು ಮಾತು ಕೇಳ್ದಾಗಿಂದ ರಾತ್ರಿ ಎದ್ದೆದ್ದು ತೊಡೆ ಮುಟ್ಕೊಂಡು ನೋಡ್ಕೊತೀನಿ."

ನಗು ಬಂತು. ಆಮೇಲೆ ಕೂತು ಲೆಕ್ಕ ಹಾಕಿದೆ. ಬೇಕಾದದ್ದನ್ನು ಇವರು ತಮ್ಮನ ಹತ್ತಿರ ಕೇಳುತ್ತಾರೆ, ನೋವನ್ನು ಮೋನಿಕಾಗೆ ಹೇಳುತ್ತಾರೆ. ನನಗೆ ಉಳಿದದ್ದು ಮೈಭಾರ.

೪ ಮೇ, ಭಾನುವಾರ

ಮೋನಿಕಾ ಟೇಪು ಹಿಡಿದು ಇವರ ತೊಡೆ ಅಳೆದಳು. ಅವಳ ಹುಬ್ಬು ಗಂಟಿಕ್ಕಿತು. ನನ್ನನ್ನು ಅಂಗಳಕ್ಕೆ ಕರೆದಳು.

"ಬಂದಿದ್ದ ಶಕ್ತಿ ವಾಪಸ್ ಹೋಗ್ತಾ ಐತೆ ಮೇಡಂ. ದಿನಾ ಯಾರು ಎಬ್ಬಿಸ್ತಾರೆ?"

"ಹೆಂಡ್ತಿ ಇರೋದು ಮತ್ಯಾಕೆ?"

"ನೀವು ಎತ್ತಿ ಎತ್ತಿ ಅವ್ರ ಕಾಲಿಗೆ ಕೆಲಸಾನೇ ಇಲ್ದಂಗೆ ಮಾಡಿದೀರ. ಅಟ್ಟಾನೂ ಖಾಲಿ ಮಾಡಿದ್ರಿ. ಮೇಡಂ, ಅವ್ರು ಎದ್ದು ಓಡಾಡೋದು ನಿಮಗೆ ಇಷ್ಟ ಇಲ್ವಾ?"

ನನ್ನ ಅಂಗಳದಲ್ಲಿ ನಿಂತು ನನ್ನನ್ನು ಕೇಳಿದಳು! "ನಾಳೆಯಿಂದ ಬರೋದು ಬೇಡ. ವ್ಯಾಯಾಮ ನಾನೇ ಮಾಡಿಸ್ತೀನಿ" ಎಂದೆ.

ಅವಳು ಹೋದ ಮೇಲೆ ಪುಸ್ತಕ ತೆರೆದೆ. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಯಾವ ಹೆಂಡತಿಗೆ ಅದು ಇಷ್ಟವಿರುವುದಿಲ್ಲ?

೧೧ ಜೂನ್, ಬುಧವಾರ

ಕಾಲೇಜು ಶುರುವಾಗಿದೆ. ಇವತ್ತು ಸಂಜೆ ಬಸ್ಸಿಳಿದು ಬಂದಾಗ ಬಾಗಿಲು ಒಳಗಿಂದ ಚಿಲಕ. ಕೂಗಿದೆ. ಉತ್ತರವಿಲ್ಲ. ತೋಟದಿಂದ ಓಡಿ ಬಂದ ತೋಂಟದಾರ್ಯ ಹಿತ್ತಲ ಬಾಗಿಲು ಒದ್ದು ತೆಗೆದ.

ಬಚ್ಚಲಲ್ಲಿ ಬಿದ್ದಿದ್ದರು. ನಾನು ಬೆಳಿಗ್ಗೆ ಹೋದ ಸ್ವಲ್ಪ ಹೊತ್ತಿಗೇ ಜಾರಿದರಂತೆ. ಪೆಟ್ಟೇನೂ ಆಗಿಲ್ಲ, ಏಳಲಾಗಿಲ್ಲ ಅಷ್ಟೇ. ಒದ್ದೆ ನೆಲದಲ್ಲಿ ಹಗಲೆಲ್ಲ. ಕೊಳಾಯಿ ಹಿಡಿದು ಏಳಲು ನೋಡಿ ನೋಡಿ ಅಂಗೈ ಸುಲಿದುಹೋಗಿತ್ತು. ತುಟಿ ನೀಲಿಯಾಗಿತ್ತು.

"ನೀನು ಬರ್ತೀಯ ಅಂತ ಗೊತ್ತಿತ್ತು" ಎಂದರು. ಸಿಟ್ಟಿರಲಿಲ್ಲ. ಕೈ ಚಾಚಿದರು, ಮಗುವಿನ ಹಾಗೆ.

ಇಷ್ಟು ದಿನ ನಾನು ಬಯಸಿದ್ದು ಇದನ್ನೇ. ನೋಡಲಾಗಲಿಲ್ಲ.

೧೨ ಜೂನ್, ಗುರುವಾರ

ಹಾಲಮ್ಮನ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಹಾಲಮ್ಮ ಚಾಪೆ ಹಾಸಿದಳು, ಆದರೆ ಕೇಳದೆ ಬಿಡಲಿಲ್ಲ.

"ನಮ್ ಮಗೀನ ಬರಬ್ಯಾಡ ಅಂದೋರು ನೀವೇ ಅಲ್ವ್ರಾ ಅಮ್ಮಾರೆ?"

"ನಾನೇ ಹಾಲಮ್ಮ. ಈಗ ಬಾ ಅನ್ನೋಳೂ ನಾನೇ."

ಮೋನಿಕಾ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. "ಬತ್ತೀನಿ ಮೇಡಂ. ಆದ್ರೆ ನಾನಿರೋ ಹೊತ್ತು ನೀವು ಅಡುಗೆಮನೆ ಬಿಟ್ಟು ಈಚೆಗೆ ಬರಂಗಿಲ್ಲ. ಕ್ಲಾಸಲ್ಲಿ ನೀವು ನನ್ನ ಆಚೆ ನಿಲ್ಸ್ತಿರ್ಲಿಲ್ವಾ, ಹಂಗೆ."

ಹಾಲಮ್ಮ ಅವಳ ಬೆನ್ನಿಗೊಂದು ಏಟು ಕೊಟ್ಟಳು. ನಾನು ಒಪ್ಪಿಕೊಂಡೆ.

೬ ಜುಲೈ, ಭಾನುವಾರ

ಹೊಸ ಕೊಯ್ಲಿನ ಕಾಯಿ ಬಂತು. ವ್ಯಾಪಾರಿ ಕೇಳಿಕೊಂಡು ಬಂದಿದ್ದ. ಕೊಡುವುದಿಲ್ಲ ಎಂದೆ. ಎಲ್ಲವನ್ನೂ ಅಟ್ಟಕ್ಕೆ ಏರಿಸಲು ಹೇಳಿದೆ. ಇವರು ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಏರಿಸುವವರಿಗೆ, "ಮೂಲೇಲಿ ಒತ್ತಾಗಿ ಹಾಕ್ಬೇಡ್ರೋ, ಗಾಳಿ ಆಡ್ಲಿ" ಎಂದು ಕೂಗಿದರು.

೧೭ ಆಗಸ್ಟ್, ಭಾನುವಾರ

ಅಡುಗೆಮನೆಯಿಂದ ಕೇಳಿಸುತ್ತದೆ. "ಇನ್ನೊಂದು." "ಸಾಯಿಸ್ತೀಯ ಕಣವ್ವ." "ಸತ್ರೆ ನನ್ನ ಹೆಸ್ರು ಹಾಳಾಗ್ತದೆ, ಇನ್ನೊಂದು." ನಗು. ಈರುಳ್ಳಿಯನ್ನು ಬೇಕಾದ್ದಕ್ಕಿಂತ ಸಣ್ಣಗೆ ಹೆಚ್ಚುತ್ತೇನೆ.

ಕವಿತೆ ಓದುವುದಕ್ಕೆ ಇವರಿಗೆ ಪುರುಸೊತ್ತಿಲ್ಲ. ಮಧ್ಯಾಹ್ನ ತೋಟಕ್ಕೆ ಹೋಗುತ್ತಾರೆ, ಕೋಲು ಹಿಡಿದು. ನಾನೊಬ್ಬಳೇ ಓದುತ್ತೇನೆ, ದನಿ ತೆಗೆದು. ಅಭ್ಯಾಸವಾಗಿಬಿಟ್ಟಿದೆ.

೨೧ ಸೆಪ್ಟೆಂಬರ್, ಭಾನುವಾರ

ಊಟಕ್ಕೆ ನೆಲದ ಮೇಲೆ ಕೂತರು. ಏಳುವಾಗ ಬಹಳ ಹೊತ್ತು ಹಿಡಿಯಿತು. ಕುತ್ತಿಗೆಯ ನರ ಉಬ್ಬಿತು. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು. ಸಾರಿನ ಪಾತ್ರೆ ಎತ್ತಿಕೊಂಡೆ, ಬಿಸಿಯಿತ್ತು, ಹಿಡಿದುಕೊಂಡೇ ನಿಂತೆ. ಎದ್ದರು.

೨೬ ಅಕ್ಟೋಬರ್, ಭಾನುವಾರ

ಮೋನಿಕಾ ಹಬ್ಬದ ರಜೆಯಲ್ಲಿ ನೆಂಟರೂರಿಗೆ ಹೋಗಿದ್ದಾಳೆ. ತೋಂಟದಾರ್ಯ ತೋಟದಲ್ಲಿದ್ದ. ಮನೆಯಲ್ಲಿ ನಾವಿಬ್ಬರೇ. ಬಟ್ಟೆ ಒಣಹಾಕಿ ಒಳಗೆ ಬರುವಾಗ ನೋಡಿದರೆ ಇವರು ಏಣಿಯ ಬುಡದಲ್ಲಿ ಪಂಚೆ ಎತ್ತಿ ಕಟ್ಟುತ್ತಿದ್ದರು.

"ಯಾರೂ ಇಲ್ಲ ಕಣ್ರೀ, ನಾಳೆ ಹತ್ತಿ" ಎನ್ನುವುದು ಬಾಯಿಗೆ ಬಂತು.

"ಏಣಿ ಅಲ್ಲಾಡ್ತದಾ ನೋಡಿ" ಎಂದೆ.

ಅಲುಗಿಸಿ ನೋಡಿದರು. ಹತ್ತಿದರು. ಪ್ರತಿ ಮೆಟ್ಟಿಲಿಗೂ ನಿಂತು ಉಸಿರು ಎಳೆದುಕೊಂಡರು. ನಡುವೆ ಒಂದು ಕಡೆ ಎಡಗಾಲು ನಡುಗಿತು, ನಿಂತಿತು, ಮತ್ತೆ ಮೇಲೇರಿತು. ಮೊದಲು ತಲೆ ಮರೆಯಾಯಿತು, ಆಮೇಲೆ ಬೆನ್ನು, ಆಮೇಲೆ ಹಿಮ್ಮಡಿ.

ಮೇಲೆ ಹೆಜ್ಜೆಯ ಸದ್ದು. ಕಾಯಿ ಉರುಳಿಸಿದ ಸದ್ದು. ಆಮೇಲೆ ಸದ್ದೇ ಇಲ್ಲ.

ಅಲ್ಲಿ ಏನು ಮಾಡುತ್ತಿದ್ದಾರೆ? ಏನನ್ನಾದರೂ ಬಚ್ಚಿಟ್ಟಿದ್ದಾರಾ? ಇಳಿಯಲು ಭಯಪಟ್ಟು ಕೂತಿದ್ದಾರಾ? ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟೆ. ಹತ್ತಬೇಕೆಂದರೆ ಹತ್ತಬಹುದಿತ್ತು, ನನ್ನ ಕಾಲುಗಳಿಗೇನಾಗಿದೆ.

ಕಾಲು ತೆಗೆದೆ. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ. ನೀರು ಕುದಿಯುವವರೆಗೂ ತಲೆಯೆತ್ತಿ ನೋಡಲಿಲ್ಲ.

ಹೇಗೆ ಇಳಿದರೋ ನಾನು ಕಾಣೆ. ಮುದ್ದೆ ತಿರುವುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ತಲೆಯ ತುಂಬ ಸಿಪ್ಪೆಯ ಧೂಳು, ಮುಖದ ತುಂಬ ಬೆವರು. ಕೈಯಲ್ಲಿ ಫೋನು.

"ಹತ್ತಿದೆ ಕಣವ್ವ! ಇಳಿದೂ ಇಳಿದೆ! ಇಲ್ಲ, ಯಾರೂ ಹಿಡ್ಕೊಂಡಿರ್ಲಿಲ್ಲ" ಎನ್ನುತ್ತಿದ್ದರು.

ಮೊದಲು ಅವಳಿಗೆ. ಹೊಟ್ಟೆ ಉರಿಯಿತು, ಬರೆಯುವಾಗಲೂ ಉರಿಯುತ್ತಿದೆ. ಇಪ್ಪತ್ತು ವರ್ಷದಿಂದ ಇವರು ಅಟ್ಟ ಇಳಿದು ಬಂದ ಕೂಡಲೇ ಏನೋ ನೆಪ ಮಾಡಿ ಹತ್ತಿರ ಹೋಗಿ ಉಸಿರು ಮೂಸುತ್ತಿದ್ದೆ. ಇವತ್ತು ಒಲೆಯ ಮುಂದಿನಿಂದ ಏಳಲಿಲ್ಲ.

"ಕೈ ತೊಳ್ಕೊಂಡು ಬನ್ನಿ, ಮುದ್ದೆ ಆರ್ತದೆ" ಎಂದೆ.